ಲಿಂಗ ಕಟ್ಟಿದವರಿಗೆ ಮಾತ್ರ

ಒಳಗೆ ಬಂದವರೇ ವೀರಬಸಪ್ಪ ಬಾಗಿಲ ಚಿಲಕ ಹಾಕಿದರು. ಕಿಟಕಿಯನ್ನೂ ಮುಚ್ಚಿದರು. ಮಟಮಟ ಮಧ್ಯಾಹ್ನ ಮನೆಯ ಮಾಲೀಕ ಹೀಗೆ ಮಾಡಿದರೆ ಯಾವ ಬಾಡಿಗೆದಾರನ ಎದೆ ತಾನೇ ಧಸಕ್ಕೆನ್ನುವುದಿಲ್ಲ?

"ಕಾಶಿನಾಥ್, ಲಿಂಗಪೂಜೆ ಮಾಡಿ. ನಾನು ನೋಡ್ಬೇಕು."

"ಮುಂಜಾನೇನ ಆಗೇದ್ರೀ."

"ಪರವಾಗಿಲ್ಲ, ಇನ್ನೊಂದ್ಸಲ ಮಾಡಿ."

ಸಿಕ್ಕಿಬಿದ್ದೆ ಎಂದುಕೊಂಡ ಜಹೀರ್. ವಿಜಾಪುರದ ಈ ಫಿಟ್ಟರ್ ಯಶವಂತಪುರದ ಈ ಬೀದಿಗೆ ಕಾಶಿನಾಥನಾಗಿ ಬಂದು ಎರಡು ತಿಂಗಳಾಗಿತ್ತು. ಎಪ್ಪತ್ತೊಂಬತ್ತರ ಬೇಸಿಗೆಯಿಡೀ ಆರ್.ಟಿ. ನಗರದಿಂದ ಮತ್ತಿಕೆರೆವರೆಗೆ ಅಲೆದಿದ್ದ. ಹನ್ನೊಂದು ಮನೆಯವರು ಹೆಸರು ಕೇಳಿದ ಕೂಡಲೇ ಮನೆ ಖಾಲಿಯಿಲ್ಲ ಎಂದಿದ್ದರು. ಇಲ್ಲಂತೂ ಗೇಟಿಗೇ ಬೋರ್ಡು: ಲಿಂಗ ಕಟ್ಟಿದವರಿಗೆ ಮಾತ್ರ. ಹೆಂಡತಿ ಸುಗ್ರಾ ತುಂಬಿದ ಬಸುರಿ. ಕಾರ್ಖಾನೆಯ ಗೆಳೆಯ ಪಂಚಪ್ಪ ಒಂದು ಲಿಂಗ ತಂದುಕೊಟ್ಟು, ಪೂಜೆಯನ್ನೂ ಹೇಳಿಕೊಟ್ಟಿದ್ದ. ಕಲಿತದ್ದು ಒಂದೇ ಭಾನುವಾರ.

ಅಡುಗೆಮನೆಯ ಬಾಗಿಲಲ್ಲಿ ಸುಗ್ರಾ ಸೆರಗು ಕಚ್ಚಿ ನಿಂತಿದ್ದಳು.

ಜಹೀರ್ ಚಾಪೆ ಹಾಸಿ ಕೂತ. ಎಡಗೈಯಲ್ಲಿ ಲಿಂಗ ಇಟ್ಟ. ನೀರು, ವಿಭೂತಿ, ಪತ್ರೆ. ವೀರಬಸಪ್ಪನವರ ಕಣ್ಣು ಅವನ ಬೆರಳು ಬಿಟ್ಟು ಕದಲಲಿಲ್ಲ.

"ಎಡಗೈನಾ?"

"ಹೌದ್ರೀ. ನಮ್ಮ ಕಡೆ ಹಿಂಗ ಮಾಡ್ತಾರ್ರೀ."

"ಮತ್ತೆ ಮೊದಲಿಂದ ಮಾಡಿ. ನಿಧಾನಕ್ಕೆ."

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಯಾರೋ ಚಾಡಿ ಹೇಳಿದ್ದಾರೆ, ಇನ್ನೇನು ಬೀದಿಯವರನ್ನು ಕೂಗುತ್ತಾರೆ, ಸಂಜೆಯೊಳಗೆ ಸುಗ್ರಾ ಟ್ರಂಕಿನ ಪಕ್ಕ ರಸ್ತೆಯಲ್ಲಿ ಕೂತಿರುತ್ತಾಳೆ. ಜಹೀರನಿಗೆ ಅಳುವಷ್ಟು ಭಯವಾಯಿತು. ಆದರೂ ಮೊದಲಿನಿಂದ ಮಾಡಿದ. ಮೂರನೆಯ ಸಲವೂ ಮಾಡಿದ.

ವೀರಬಸಪ್ಪ ಹಣೆಯ ಬೆವರು ಒರೆಸಿಕೊಂಡರು. "ನಾಳೆ ಮಠದ ಸ್ವಾಮಿಗಳು ನಮ್ಮ ಬೀದಿಗೆ ಬರ್ತಾರೆ. ಪೂಜೆ ನಮ್ಮನೇಲೇ. ಎಲ್ರೂ ಅವರೆದುರು ಕೂತು ಲಿಂಗಪೂಜೆ ಮಾಡ್ಬೇಕು."

"ನಂದೇನರ ತಪ್ಪಾತೇನ್ರೀ?" ಜಹೀರ್ ಕೇಳಿದ.

ವೀರಬಸಪ್ಪ ಚಾಪೆಯ ಮೇಲೆ ಅವನ ಎದುರಿಗೆ ಕೂತು, ಅಂಗಿಯ ಗುಂಡಿ ಬಿಚ್ಚಿ, ತಮ್ಮ ಲಿಂಗ ಹೊರಗೆ ತೆಗೆದರು.

"ತಪ್ಪೋ ಸರಿಯೋ ನನಗೇನ್ ಗೊತ್ತು? ನಮ್ಮ ಜಾತಿ ಹೇಳಿದ್ರೆ ಈ ಬೀದೀಲಿ ಸೈಟ್ ಸಿಗ್ತಿರ್ಲಿಲ್ಲ ಅಂತ ಹನ್ನೆರಡು ವರ್ಷದ ಹಿಂದೆ ಕಟ್ಕೊಂಡಿದ್ದು," ಎಂದು ಎಡಗೈ ಚಾಚಿದರು. "ನೀವು ಹುಟ್ಟಿನಿಂದ ಮಾಡ್ಕೊಂಡ್ ಬಂದೋರು ಕಣ್ರೀ, ಸ್ವಲ್ಪ ಕಲಿಸ್ಕೊಡಿ."