ಮೇಲಂತಸ್ತಿನಲ್ಲಿ ಇಪ್ಪತ್ತು ಮಂದಿ

ವೈಶಾಖದ ಭಾನುವಾರ, ಸೂರ್ಯ ಮೂಡುವ ಹೊತ್ತು. ಗಂಗಾವತಿ ದಾರಿಯಲ್ಲಿದ್ದ ಹಳೆಯ ಭತ್ತದ ಗೋದಾಮಿನ ಮೇಲಂತಸ್ತು. ಬಾಜಾ ಭಜಂತ್ರಿ ಇಲ್ಲದ ಮದುವೆ. ಅಕ್ಕಿಕಾಳು ಹಂಚುತ್ತಿದ್ದಾಗ ಮದುಮಗಳ ಅಜ್ಜಿ ಯಮನೂರಮ್ಮ ಚೀರಿದಳು.

"ಯಪ್ಪಾ! ನೆಲ ಅಲುಗಾಡ್ತೈತಿ!"

ಗದ್ದಲ ಥಟ್ಟನೆ ನಿಂತಿತು. ನೂರರ ಮೇಲೆ ಜನ. ಎಲ್ಲರೂ ತಮ್ಮ ಕಾಲ ಕೆಳಗೆ ನೋಡಿಕೊಂಡರು. ಕೆಲವರು ಬಾಗಿಲಿಗೆ ನುಗ್ಗಿದರು. ಮರದ ಮೆಟ್ಟಿಲು ಕಿರ್ರೆಂದಿತು.

"ಅಜ್ಜೀ, ಬೀಳ್ತೈತೇನ?" ಸೆರಗಿನ ಮರೆಯಿಂದ ಮದುಮಗಳು ಅನುಷಾ ಕೇಳಿದಳು.

"ನನ್ನ ಗಟ್ಟಿ ಹಿಡಕೊ."

ಹುಡುಗಿಯ ಅಪ್ಪ ಯಂಕೇಶ, ಗೌಂಡಿ ಹೊನ್ನೂರಪ್ಪನನ್ನು ಕರೆಸಿದ. ಈ ಗೋದಾಮಿಗೆ ತೊಲೆ ಕೂಡಿಸಿದವನು ಅವನೇ. ಅವನು ಕೆಳಗೆ ನಿಂತು ತೊಲೆಗಳನ್ನು ಬಡಿದ. ಮೇಲೆ ಬಂದು ನೆಲಕ್ಕೆ ಕಿವಿಗೊಟ್ಟ. ಎದ್ದವನು ಅಜ್ಜಿಯ ಮುಖ ನೋಡಿದ. ಅವಳೂ ಅವನನ್ನೇ ನೋಡುತ್ತಿದ್ದಳು. ಮದುಮಗಳನ್ನು ನೋಡಿದ. ಬೆವರು ಒರೆಸಿಕೊಂಡ.

"ಎಷ್ಟು ಮಂದಿ ತಡೀತೈತಿ?" ಯಂಕೇಶ ಕೇಳಿದ.

"ಇಪ್ಪತ್ತು. ಮ್ಯಾಲ ಒಬ್ಬರು ಹತ್ತಿದರೂ ನಾ ಜವಾಬ್ದಾರಲ್ಲ."

"ಬಯಲಾಗ ಮಾಡೂಣ ಬಿಡ್ರಿ," ಎಂದರು ಯಾರೋ.

"ಬಯಲಾಗ ಬ್ಯಾಡ!" ಯಂಕೇಶ ಮತ್ತು ವರನ ಅಪ್ಪ ಹುಲುಗಪ್ಪ ಒಟ್ಟಿಗೇ ಅಂದರು. ಅಂದು ಅವರಿಬ್ಬರೂ ಒಪ್ಪಿದ ಮಾತು ಅದೊಂದೇ.

"ಇಪ್ಪತ್ತರಾಗ ಹದಿನೈದು ನಮ್ಮ ಕಡ್ಯಾವರು," ಎಂದ ಹುಲುಗಪ್ಪ.

"ಮತ್ತ ನಾವೇನು ಎಂಜಲ ಎತ್ತಾಕ ಬಂದೀವೇನ್ರಿ ಬೀಗರ?" ಹುಡುಗಿಯ ಸೋದರತ್ತೆ ರೇಣುಕಮ್ಮ ಮುಂದೆ ಬಂದಳು.

"ಏನರ ಅನ್ರಿ, ನನ್ನ ತಂಗಿ ಇಳಿಯೂದಿಲ್ಲ," ಎಂದ ಹುಲುಗಪ್ಪ.

"ನಿಮ್ಮ ತಂಗಿ ಒಬ್ಬಾಕಿ ಇಳಿದರ ನಾವು ಐದು ಮಂದಿ ಹತ್ತಬಹುದಲ್ರಿ!"

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ತಂಗಿ ಕೈಯಲ್ಲಿದ್ದ ಅಕ್ಕಿಕಾಳನ್ನು ನೆಲಕ್ಕೆ ಒಗೆದು ದಡದಡ ಇಳಿದಳು. ಅಣ್ಣ ಅವಳ ಹಿಂದೆ. ವರನೂ ಬಾಸಿಂಗ ಬಿಚ್ಚಿ ಅಪ್ಪನ ಹಿಂದೆ. ಯಂಕೇಶ ಕೈಮುಗಿದು ದಾರಿಗೆ ಅಡ್ಡ ನಿಂತ.

"ಮುಹೂರ್ತ ಮೀರ್ತೈತ್ರಿ!" ಅಯ್ಯನವರು ಕೂಗಿದರು. ಯಾರು ಕೇಳಬೇಕು?

ಯಮನೂರಮ್ಮ ಮೊಮ್ಮಗಳನ್ನು ಅವಚಿಕೊಂಡು ಮೂಲೆಯಲ್ಲಿ ಕುಳಿತಿದ್ದಳು. ಮೆಟ್ಟಿಲ ಮೇಲೆ ಸಪ್ಪಳವಾದಾಗಲೆಲ್ಲ ಬೆಚ್ಚಿ ಬೀಳುತ್ತಿದ್ದಳು. ಬೀಗರ ಟ್ರ್ಯಾಕ್ಟರ್ ಹೊರಟ ಸದ್ದು ಕೇಳಿದ ಮೇಲೂ ಅವಳು ಹಿಡಿತ ಸಡಿಲಿಸಲಿಲ್ಲ.

ಹೊನ್ನೂರಪ್ಪ ಒಬ್ಬನೇ ಮೇಲೆ ಬಂದ.

"ಹೋದರು ಯವ್ವಾ."

"ತಿರುಗಿ ಬಂದರ?"

"ಉಣ್ಣದ ಹೋಗ್ಯಾರ. ಇನ್ನ ಬರೂದಿಲ್ಲ ತಗಿ. ನನ್ನ ಕೆಲಸದ ಹೆಸರು ಕೆಟ್ಟಿತು, ಅಷ್ಟ. ಇದರ ಮ್ಯಾಲ ಭತ್ತದ ಚೀಲ ಛತ್ತಿಗೆ ಮುಟ್ಟೂ ಹಂಗ ಒಟ್ಟೀವಿ. ಮುನ್ನೂರು ಮಂದಿ ಕುಣೀಲಿ, ಜಗ್ಗೂದಿಲ್ಲ."

"ಗೊತ್ತೈತೆಪ್ಪಾ," ಅಂದಳು ಯಮನೂರಮ್ಮ.

ಬೀಗರು ಹೋದದ್ದು ಆ ಭಾನುವಾರ. ಅನುಷಾ ಹೋದದ್ದು ಶಾಲೆ ತೆರೆದ ಸೋಮವಾರ, ಒಂಬತ್ತನೇ ತರಗತಿಗೆ.