ಭಂಡಾರದ ಬೊಟ್ಟು

"ತಡಿ, ಒರಸಬ್ಯಾಡ!" ಎಂದು ಬೀರಲಿಂಗ ಮಗಳ ಕೈ ಹಿಡಿದ. ರೇಷ್ಮಾಳ ಒಂದು ಕೈಯಲ್ಲಿ ಒದ್ದೆ ಅರಿವೆ, ಇನ್ನೊಂದರಲ್ಲಿ ಹಳೆಯ ಸಿಡಿ. ಅದರ ಹೊಳೆಯುವ ಮೈಮೇಲೆ ಭಂಡಾರದ ಬೊಟ್ಟು, ಪೂಜೆಯ ಅರಿಸಿನ, ಒಣಗಿ ಕೂತಿತ್ತು.

"ಅಪ್ಪಾ, ಇದು ಇರೂತನಕ ಸಿಡಿ ಓಡಂಗಿಲ್ಲ. ಒರಸಿದ್ರ ಆಯಿ ಹಾಡಿದ ಜೋಗುಳ ಪೆನ್ ಡ್ರೈವಿಗೆ ಹಾಕ್ಕೋಬಹುದು. ನಾಳೆ ಮುಂಡರಗಿಯಿಂದ ಬರೂ ಹೊಸ ಕಂಪ್ಯೂಟರಿನ್ಯಾಗ ಸಿಡಿ ಹಾಕೂ ಜಾಗಾನ ಇಲ್ಲ. ನಿನಗ ಬೊಟ್ಟು ಬೇಕೋ, ಹಾಡು ಬೇಕೋ?"

ಬೀರಲಿಂಗ ಸಿಡಿಯನ್ನು ಅವಳ ಕೈಯಿಂದ ತೆಗೆದುಕೊಂಡ. ಅದು ರೇಷ್ಮಾಳನ್ನು ತೊಟ್ಟಿಲಿಗೆ ಹಾಕಿದ ದಿನದ ಸಿಡಿ. ಅವನ ಅವ್ವ, ಅಂದರೆ ರೇಷ್ಮಾಳ ಆಯಿ, ಇದ್ದ ಕಡೆಯ ಮಹಾನವಮಿಯಲ್ಲಿ ಕುಡಗೋಲು, ಹೊಲಿಗೆ ಮಷೀನು, ಕಂಪ್ಯೂಟರಿನ ಜೊತೆ ಅದನ್ನೂ ಪೂಜೆಗಿಟ್ಟಿದ್ದರು. ಅವ್ವ ಅದನ್ನು ತಿರುವಿ ಹಾಕಿ ಬೊಟ್ಟಿಟ್ಟಾಗ ಅವನು, "ಯವ್ವಾ, ಆ ಕಡಿ ಹಚ್ಚಬಾರ್ದು" ಎಂದು ನಕ್ಕಿದ್ದ. "ಹೊಳಿಯೂದು ಮಾರಿ ಅಲ್ಲೇನಲೇ? ಬೆನ್ನಿಗೆ ಯಾರರ ಭಂಡಾರ ಹಚ್ತಾರೇನು?" ಎಂದು ಅವಳು ಗದರಿದ್ದಳು. ಅವಳು ಹೋದ ಮೇಲೆ ಅದನ್ನು ಒರೆಸುವ ಮನಸ್ಸು ಮನೆಯಲ್ಲಿ ಯಾರಿಗೂ ಬಂದಿರಲಿಲ್ಲ.

ಸಿಡಿಯನ್ನು ಎತ್ತಿ ಹಿಡಿದಾಗ ಅದರಲ್ಲಿ ಅವನ ಮುಖವೇ ಕಂಡಿತು. ಹಣೆಯ ಜಾಗದಲ್ಲಿ ಸರಿಯಾಗಿ ಅವ್ವನ ಬೆರಳ ಗುರುತು. ಅವನು ಹೆಬ್ಬೆರಳನ್ನು ನೀರಿಗೆ ಅದ್ದಿ ಮೆಲ್ಲಗೆ, ತುಂಬ ಮೆಲ್ಲಗೆ ತಿಕ್ಕಿದ. ಸಿಡಿಯ ಹಳದಿಯೆಲ್ಲ ಬೆರಳಿಗೆ ಬಂತು. ಅದನ್ನು ಮಗಳ ಹಣೆಗೆ ಹಚ್ಚಿ, ಸಿಡಿಯನ್ನು ಅವಳ ಕೈಗೆ ಕೊಟ್ಟ.

"ಈಗ ಹಾಕವ್ವಾ."