ಕುರ್ಚಿ ಇಲ್ಲದ ಪಾಠ

ಶಾಲೆಯ ಹೆಡ್ ಅಕ್ಕೋರು ವೈಜಯಂತಿ ತಾವೇ ಕುರ್ಚಿ ಎತ್ತಿ ತರಗತಿಯ ಹೊರಗಿಟ್ಟಾಗ ಶಾಂತಾರಾಮ ಮಾಸ್ತರರ ಮುಖ ಹುಳ್ಳಗಾಯಿತು. "ಇನ್ಮುಂದೆ ಮಾಸ್ತರೂ ಮಕ್ಕಳ ಸಂಗ್ತಿಗೆ ನೆಲದ ಮೇಲೇ ಕೂತು ಕಲಿಸೂದು. ಬದಲಾವಣೆ ನಮ್ಮಿಂದ್ಲೇ ಶುರು ಆಗ್ಬೇಕು," ಎನ್ನುತ್ತ ಅಕ್ಕೋರು ಪಾಠ ನೋಡಲು ಚಕ್ಕಳಮಕ್ಕಳ ಹಾಕಿ ಕುಳಿತೇಬಿಟ್ಟರು.

"ಮೂವತ್ತು ವರ್ಷ ಕುರ್ಚಿ ಮೇಲೆ ಕೂತೇ ಕಲಿಸಿದ್ದೆ ಅಕ್ಕೋರೆ, ಯಾರೂ ಮಗ್ಗಿ ಮರೀಲಿಲ್ಲ," ಎಂದು ಗೊಣಗುತ್ತಲೇ ಮಾಸ್ತರರು ಗೋಡೆ ಹಿಡಿದು ಕುಳಿತರು. ಸಿಟ್ಟಿನಲ್ಲೇ ಶುರುವಾದ ಭಿನ್ನರಾಶಿ, ಮಕ್ಕಳು ಮೊಣಕಾಲಿಗೆ ಒರಗಿ ಪ್ರಶ್ನೆ ಕೇಳುತ್ತ ಹೋದಂತೆ ಅವರಿಗೇ ರುಚಿಸತೊಡಗಿತು. ಗಂಟೆ ಹೊಡೆದದ್ದೂ ಬೇಗ ಎನಿಸಿತು.

ಆದರೆ ಏಳಲು ಹೋದರೆ ಮಂಡಿ ಮಾತು ಕೇಳಲಿಲ್ಲ. ಕಡಲತಡಿಯ ಕೇಣಿ ಊರಿನ ಮೀನುಗಾರರ ಮಕ್ಕಳಿಗೆ ಇದೇನು ಹೊಸದೇ? ಇಬ್ಬರು ಹಿಂದಿನಿಂದ ನೂಕಿ, ನಾಲ್ವರು ಕೈ ಹಿಡಿದೆಳೆದು, "ಹೈಸಾ! ಹೈಸಾ!" ಎಂದು ದೋಣಿಯನ್ನು ದಡಕ್ಕೆ ಎಳೆದಂತೆ ಅವರನ್ನು ಎಬ್ಬಿಸಿ ನಿಲ್ಲಿಸಿದರು. ಅಕ್ಕೋರು ನಗುತ್ತಿರಬೇಕೆಂದು ಮಾಸ್ತರರು ನಾಚಿಕೊಂಡೇ ತಿರುಗಿದರು. ಅಕ್ಕೋರು ನಗುತ್ತಿರಲಿಲ್ಲ. ಎರಡೂ ಕೈ ನೆಲಕ್ಕೂರಿ, ಕೂತಲ್ಲಿಂದಲೇ ಬಾಗಿಲಾಚೆಯ ಕುರ್ಚಿಯನ್ನು ಆಸೆಯಿಂದ ನೋಡುತ್ತಿದ್ದರು.

ಮಾಸ್ತರರು ಅಂಗಿಯ ತೋಳು ಮಡಚಿದರು. "ಬನ್ನಿ ಮಕ್ಳೇ, ಇನ್ನೊಂದು ದೋಣಿ ಅದೆ."